ಕಷ್ಟದಲ್ಲಿರುವಾಗ ಯೇಸುವನ್ನು ನಂಬಿದರೆ ನಿಜಕ್ಕೂ ನಿರೀಕ್ಷೆ ಸಿಗುತ್ತಾ?

ಚಿಕ್ಕಬಳ್ಳಾಪುರದಲ್ಲಿದ್ದೀನಿ, ಕೆಲಸ ಹೋಗಿದೆ, ರಾತ್ರಿ ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಗೆಳೆಯರೊಬ್ಬರು "ಯೇಸುವನ್ನು ನಂಬು, ಎಲ್ಲಾ ಸರಿಹೋಗುತ್ತೆ" ಅಂದರಂತೆ. ಅದು ನಿಜಾನಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಕೋಲಾರದ ಕಡೆಯವನು, ಹುಟ್ಟಿದಾಗಿನಿಂದ ಚರ್ಚ್‌ಗೆ ಹೋಗುವವನು. ನಂಬಿ ಅಂತ ನಾನೂ ಹೇಳುತ್ತೇನೆ. ಆದರೆ ಬೇಗ ಎಲ್ಲಾ ಸರಿಹೋಗುತ್ತೆ ಅಂತ ಯೇಸು ಯಾರಿಗೂ ಮಾತು ಕೊಟ್ಟಿಲ್ಲ. "ಲೋಕದಲ್ಲಿ ನಿಮಗೆ ಸಂಕಟ ಉಂಟು" ಅಂತಲೇ ಶಿಷ್ಯರಿಗೆ ಹೇಳಿದ್ದು, ಧೈರ್ಯವಾಗಿರಿ ಅಂದದ್ದು ಆಮೇಲೆ. ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆ ಅಂತ ಯೇಸುವಿನ ಜೀವನ ಹೇಳುವ ಪುಸ್ತಕ, ಅದರ 16ನೆಯ ಅಧ್ಯಾಯದ ಕೊನೆಯಲ್ಲಿದೆ, ನೋಡಿ.

ನಮ್ಮದು ಟೊಮೆಟೊ ಬೆಳೆಯುವ ಮನೆ. ಇದ್ದ ಬೋರ್‌ವೆಲ್ ಬತ್ತಿತು. ಸಾಲ ಮಾಡಿ ಇನ್ನೊಂದು ಕೊರೆಸಿದರೆ ಬರೀ ಧೂಳು ಬಂತು. ಅದೇ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತಲ್ಲ, ಆಗ ನಮ್ಮ ಹೊಲದಲ್ಲಿ ಒಂದು ಹಣ್ಣೂ ಇರಲಿಲ್ಲ. ದೇವರು ನಮ್ಮ ಅಡ್ರೆಸ್ ಮರೆತಿದ್ದಾನೆ ಅಂದಳು ನನ್ನ ಹೆಂಡತಿ.

ಆ ದಿನಗಳಲ್ಲಿ ನನ್ನ ಬಾಯಲ್ಲಿ ಪ್ರಾರ್ಥನೆ ಬರುತ್ತಿರಲಿಲ್ಲ. ಸ್ತೋತ್ರ ಹೇಳಲು ಮನಸ್ಸೇ ಇಲ್ಲ. ಆಗ ಕೈ ಹಿಡಿದದ್ದು ಕೀರ್ತನೆಗಳು, ಅಂದರೆ ಬೈಬಲ್ಲಿನಲ್ಲಿರುವ ಪ್ರಾರ್ಥನೆಯ ಹಾಡುಗಳು. ಒಟ್ಟು 150 ಇವೆ, ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಅಳು, ದೂರು, ಜಗಳ. 13ನೆಯದು "ಇನ್ನೂ ಎಷ್ಟು ದಿನ?" ಅಂತ ಶುರುವಾಗುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ಅದನ್ನು ಯಾರೂ ಬೈಬಲ್ಲಿನಿಂದ ತೆಗೆದುಹಾಕಲಿಲ್ಲ ನೋಡಿ. ಯೇಸು ಕೂಡ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲನ್ನೇ: ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಅವನೇ ಹಾಗೆ ಕೇಳಿರುವಾಗ ನಾನು ಕೇಳಿದರೆ ತಪ್ಪೇನು ಅನ್ನಿಸಿತು. ಹಾಗಾಗಿ ನನ್ನ ಪ್ರಾರ್ಥನೆ ಜಾಸ್ತಿ ಜಗಳವೇ ಆಗಿತ್ತು. ಆದರೆ ಜಗಳವಾಡಲು ಎದುರಿಗೆ ಒಬ್ಬರು ಇದ್ದಾರೆ ಅನ್ನೋದು ಗಟ್ಟಿಯಾಯಿತು. ನನಗೆ ಸಿಕ್ಕ ನಿರೀಕ್ಷೆ ಅಂದರೆ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಅಲ್ಲ.

ಒಂದು ಎಚ್ಚರಿಕೆ. "ನಿನ್ನ ವಿಶ್ವಾಸ ಕಡಿಮೆ, ಅದಕ್ಕೇ ಹೀಗಾಯ್ತು" ಅನ್ನುವವರು ಸಿಗುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಇನ್ನು ಕೆಲವರು ಇಷ್ಟು ಕಾಣಿಕೆ ಕೊಡು, ಸಾಲ ತೀರುತ್ತೆ ಅನ್ನುತ್ತಾರೆ. ಅಂಥ ಕಡೆ ಕಾಲಿಡಬೇಡಿ. ಬೈಬಲ್ಲಿನಲ್ಲಿ ಯೋಬ ಅಂತ ಎಲ್ಲವನ್ನೂ ಕಳೆದುಕೊಂಡ ಒಬ್ಬ ಒಳ್ಳೆಯ ಮನುಷ್ಯನ ಕಥೆ ಇದೆ. ಅದರಲ್ಲಿ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಬಾಯಿ ಬಿಟ್ಟು ನೀನೇ ಏನೋ ಪಾಪ ಮಾಡಿರಬೇಕು ಅಂದ ಮೇಲೆ ಕೆಟ್ಟಿತು. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ, ಯೋಬನ ಮೇಲಲ್ಲ.

ನಿಮ್ಮ ನಿದ್ದೆ ವಿಷಯಕ್ಕೆ ಬರುತ್ತೇನೆ. ಎಲೀಯ ಅಂತ ಒಬ್ಬ ಪ್ರವಾದಿ. ಸಾಕಾಯ್ತು, ನನ್ನ ಪ್ರಾಣ ತಗೋ ಅಂತ ದೇವರಿಗೆ ಹೇಳಿ ಕಾಡಿನಲ್ಲಿ ಒಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಪ್ರಸಂಗ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. 1 ಅರಸುಗಳು ಅನ್ನೋ ಪುಸ್ತಕದ 19ನೆಯ ಅಧ್ಯಾಯದಲ್ಲಿದೆ. ಬೈಬಲ್ಲಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ನಮಗೂ ಹಾಗೇ ಆಯಿತು. ಚರ್ಚ್‌ನ ಹೆಂಗಸರು ಸರದಿ ಹಾಕಿಕೊಂಡು ಮುದ್ದೆ, ಸಾರು ತಂದರು. ಹಿರಿಯರೊಬ್ಬರು ಸಾಲದ ಕಂತು ಮುಂದಕ್ಕೆ ಹಾಕಿಸಲು ನನ್ನ ಜೊತೆ ಬಂದು ಇಡೀ ಬೆಳಗ್ಗೆ ಬೆಂಚಿನ ಮೇಲೆ ಕಾದರು. ಯಾರೂ ವಚನ ಹೇಳಲಿಲ್ಲ. ಸಾಲ ಇನ್ನೂ ಇದೆ, ಅಪ್ಪನ ಎಡಗೈ ಇನ್ನೂ ಸರಿಯಾಗಿಲ್ಲ.

ಆದ್ದರಿಂದ ಡಾಕ್ಟರ್ ಹತ್ತಿರ ಹೋಗುವುದು ನಂಬಿಕೆ ಇಲ್ಲದವರ ಕೆಲಸ ಅಂದುಕೊಳ್ಳಬೇಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.

ಚರ್ಚ್ ಹೇಗಿರುತ್ತೆ ನೋಡೋಣ ಅನ್ನಿಸಿದರೆ ಯಾವುದಾದರೂ ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಕ್ರೈಸ್ತರೇ ಆಗಿರಬೇಕಿಲ್ಲ. ಹಾಡು ಗೊತ್ತಿಲ್ಲದಿದ್ದರೆ ಸುಮ್ನೆ ನಿಂತಿದ್ದರೂ ನಡೆಯುತ್ತೆ. ಬೈಬಲ್ ಓದಲು ಶುರು ಮಾಡುವುದಾದರೆ ಮೊದಲ ಪುಟದಿಂದ ಬೇಡ, ವಂಶಾವಳಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಮಾರ್ಕನ ಸುವಾರ್ತೆ ಚಿಕ್ಕದು, ಅದನ್ನು ಹಿಡಿಯಿರಿ. ನಿದ್ದೆ ಬಾರದ ರಾತ್ರಿಗೆ ಕೀರ್ತನೆ ಇದ್ದೇ ಇದೆ.