ಫಿಯಟ್ 124 ಸ್ಪೈಡರ್‌ನ 1.4 ಟರ್ಬೊ ಎಂಜಿನ್ ಟ್ಯೂನ್ ಮಾಡಿದರೆ (ಶಕ್ತಿ ಹೆಚ್ಚುವಂತೆ ಹೊಂದಿಸಿದರೆ) ನಿಜಕ್ಕೂ ಲಾಭ ಇದೆಯಾ?

ಖಂಡಿತ ಇದೆ. 1,368 ಸಿಸಿಯ ಇದೇ ಎಂಜಿನ್ ಯುರೋಪಿನ ಫಿಯಟ್‌ನಲ್ಲಿ 140 ಅಶ್ವಶಕ್ತಿ ಕೊಟ್ಟರೆ, ಅದರ ಸ್ಪೋರ್ಟ್ಸ್ ರೂಪವಾದ ಅಬಾರ್ತ್ 124ರಲ್ಲಿ 170 ಕೊಡುತ್ತದೆ. ಅಂದರೆ ಕಂಪನಿಯೇ ಜಾಗ ಬಿಟ್ಟಿದೆ, ಅಲ್ವಾ? ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಾಫ್ಟ್‌ವೇರ್ ಬದಲಿಸಿದರೆ ಟರ್ಬೊದ ಬೂಸ್ಟ್ (ಗಾಳಿ ತುಂಬುವ ಒತ್ತಡ) ಏರುತ್ತದೆ, ಸಿಲಿಂಡರ್‌ಗೆ ಗಾಳಿ ಜಾಸ್ತಿ ಹೋಗುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೋಗುತ್ತದೆ. ಫಿಯಟ್ 124 ತಯಾರಾದ ಹಿರೋಶಿಮಾದ ಅದೇ ಕಾರ್ಖಾನೆಯಲ್ಲಿ ತಯಾರಾದ ಮಾಜ್ದಾ ಎಂಎಕ್ಸ್-5ರಲ್ಲಿ ಟರ್ಬೊ ಇಲ್ಲ. ಅಲ್ಲಿ ಬರೀ ಸಾಫ್ಟ್‌ವೇರ್‌ನಿಂದ ಸಿಗುವುದು ತೀರಾ ಕಡಿಮೆ.

ಆದರೆ ಈ ಟರ್ಬೊ ಚಿಕ್ಕದು. ಕೆಳಗಿನ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುಗಳ ಲೆಕ್ಕ) ಬೇಗ ಎದ್ದರೂ ಮೇಲೆ ಹೋದಂತೆ ಉಸಿರು ಸಾಲುವುದಿಲ್ಲ. ಅಲ್ಲೂ ಬೂಸ್ಟ್ ಏರಿಸಿದರೆ ಸುಮ್ನೆ ಗಾಳಿ ಬಿಸಿಯಾಗುತ್ತದೆ. ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿ ಬಡಿಯುವುದು) ಶುರುವಾಗುತ್ತದೆ, ಇಸಿಯು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಗಳಿಸಿದ್ದು ಅಲ್ಲೇ ಹೋಗುತ್ತದೆ. ಹಾಗಾಗಿ ಮೊದಲು ಗಾಳಿ ತಣಿಸುವ ಒಳ್ಳೆಯ ಇಂಟರ್‌ಕೂಲರ್, ನಾಕಿಂಗ್ ತಡೆಯುವ ಹೆಚ್ಚು ಆಕ್ಟೇನ್‌ನ ಪೆಟ್ರೋಲ್. ಎಕ್ಸಾಸ್ಟ್ ಸದ್ದಿಗೆ ದುಡ್ಡು ಸುರಿಯುವುದು ಆಮೇಲೆ ನೋಡಿಕೊಳ್ಳಿ.

ಇನ್ನೊಂದು ಮಾತು: 2,000 ಆರ್‌ಪಿಎಂನಲ್ಲೇ ಟಾರ್ಕ್ (ತಿರುಗಿಸುವ ಬಲ) ಒಮ್ಮೆಲೇ ಎತ್ತುವ ಟ್ಯೂನ್ ದಯವಿಟ್ಟು ಹಾಕಿಸಬೇಡಿ. ಓಡಿಸಲು ಮಜಾ ಅನಿಸಿದರೂ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್‌ಗೂ ಕ್ಲಚ್‌ಗೂ ಬೀಳುವ ಹೊಡೆತ ದೊಡ್ಡದು. ಟಾರ್ಕ್ ನಿಧಾನವಾಗಿ ಏರುವಂತೆ ಬರೆಸಿ.