ಹುಬ್ಬಳ್ಳ್ಯಾಗ ರಾಟ್‌ವೀಲರ್ ಸಾಕಬಹುದೇನ್ರಿ, ಬ್ಯಾನ್ ಆಗೇತಿ ಅಂತಾರ? ಮನ್ಯಾಗ ಗಿಳಿನೂ ಐತಿ, ಅದಕ್ಕ ಲೈಸೆನ್ಸ್ ಎಲ್ಲಿ ಮಾಡಸ್ಬೇಕು?

ಈ ಎರಡೂ ಪ್ರಶ್ನಿ ನಾನೂ ಕೇಳಿದಾಂವ ರೀ, ಅದೂ ನಿಮ್ಮಂಗ ಮರಿ ನೋಡಿ ಮನಸು ಮಾಡಿ ಬಂದ ಮ್ಯಾಲೆ. ಬ್ಯಾನ್ ವಿಷ್ಯ ಮೊದಲ ಮುಗಸ್ತೀನಿ. 2024ರ ಮಾರ್ಚ್ 12ಕ್ಕ ಕೇಂದ್ರದ ಪಶುಸಂಗೋಪನಾ ಇಲಾಖೆಯವ್ರು ಎಲ್ಲಾ ರಾಜ್ಯಕ್ಕೂ ಪತ್ರ ಬರದ್ರು, ಪಿಟ್‌ಬುಲ್, ರಾಟ್‌ವೀಲರ್ ಹಿಡದು 23 ತಳಿ ನಾಯಿ ಮಾರಬ್ಯಾಡ್ರಿ, ಮರಿ ಮಾಡಸಬ್ಯಾಡ್ರಿ, ಲೈಸೆನ್ಸ್ ಕೊಡಬ್ಯಾಡ್ರಿ, ಈಗಾಗಲೇ ಮನ್ಯಾಗ ಇರೋವಕ್ಕ ಮರಿ ಆಗದಂಗ ಆಪರೇಷನ್ ಮಾಡಸ್ರಿ ಅಂತ. ಏಪ್ರಿಲ್ 10ಕ್ಕ ನಮ್ಮ ಹೈಕೋರ್ಟ್ ಅದನ್ನ ರದ್ದು ಮಾಡ್ತು, ಸಂಬಂಧಪಟ್ಟೋರನ್ನ ಕೇಳದ ಹೊರಡಿಸಿದ್ದು ನಡಿಯಂಗಿಲ್ಲ ಅಂತ. ಆ ಸುದ್ದಿ ಓದಿದ ದಿನ ನಾನು ತಿಳ್ಕೊಂಡದ್ದು ಏನಂದ್ರ, ಬ್ಯಾನ್ ಹೋತು, ಇನ್ನ ನಾಯಿಗೆ ಯಾವ ರೂಲೂ ಇಲ್ಲ ಅಂತ. ಅಲ್ಲೇ ಕೆಟ್ಟೆ.

ಮರಿ ತಂದ್ವಿ, ಶೇರು ಅಂತ ಹೆಸರಿಟ್ವಿ. ಮಾರಿದಾಂವ ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಕೊಟ್ಟಿದ್ದ, ಅದನ್ನ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೆ. ರೇಬೀಸ್ ಇಂಜೆಕ್ಷನ್ನೂ ತಪ್ಪಿಸಿಲ್ಲ, ಆದ್ರ ದವಾಖಾನಿಗೆ ಕರಕೊಂಡು ಹೋಗೋದು ರಗಳಿ ಅಂತ ಪರಿಚಯದವ್ರೊಬ್ರನ್ನ ಮನಿಗೇ ಕರಸಿ ಚುಚ್ಚಸ್ತಿದ್ದೆ, ಅವ್ರು ಡಾಕ್ಟರ್ ಅಲ್ಲ, ಬರೇ ಕೈ ಪಳಗಿತ್ತು. ಚುಚ್ಚತಿದ್ರು, ಚಾ ಕುಡದು ಹೋಗ್ತಿದ್ರು. ಕಾರ್ಡ್ ಇಲ್ಲ, ಸಹಿ ಇಲ್ಲ, ಏನೂ ಇಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಯಾಕಂದ್ರ ನನಗ ದುಬಾರಿ ಬಿದ್ದದ್ದು ಇದೊಂದ. ಲಸಿಕೆ ಬಾಟ್ಲಿ ಮ್ಯಾಲೆ ಒಂದು ಸಣ್ಣ ಸ್ಟಿಕ್ಕರ್ ಇರತೈತಿ, ಕಂಪನಿ ಹೆಸರು, ಬ್ಯಾಚ್ ನಂಬರು, ಯಾವಾಗ ಮುಗೀತೈತಿ ಅನ್ನೋ ತಾರೀಖು. ಪಶುವೈದ್ಯರು ಅದನ್ನ ಕಿತ್ತಿ ನಾಯಿ ಪುಸ್ತಕದಾಗ ಅಂಟಸ್ತಾರ, ಬಾಜೂಕ ಚುಚ್ಚಿದ ತಾರೀಖು, ಮುಂದಿನ ತಾರೀಖು ಬರದು ಸಹಿ ಹಾಕಿ ಸೀಲ್ ಹೊಡಿತಾರ. ಬೆರಳಿನಷ್ಟಗಲ ಚೀಟಿ ಅಷ್ಟ. ಆ ಚೀಟಿ ಇಲ್ಲಂದ್ರ ಕಾಗದದ ಮ್ಯಾಲೆ ನಿಮ್ಮ ನಾಯಿಗೆ ಲಸಿಕೆನ ಆಗಿಲ್ಲ. ಲಸಿಕೆ ಸರ್ಟಿಫಿಕೇಟ್ ಇಲ್ಲಂದ್ರ ಪಾಲಿಕೆ ನೋಂದಣಿನೂ ಇಲ್ಲ. ಚುಚ್ಚಿದಾಂವ ಬಾಟ್ಲಿ ಫ್ರಿಜ್‌ನ್ಯಾಗ ಇಟ್ಟಿದ್ನೋ ಬಿಸಲಾಗ ಇಟ್ಟಿದ್ನೋ, ಅದೂ ನಿಮಗ ಗೊತ್ತಿಲ್ಲ. ಕೆಸಿಐ ಪೇಪರ್ ಅಂದ್ರ ಅದರ ಅಪ್ಪ ಅವ್ವ ಯಾರು, ಯಾವ ತಳಿ ಅನ್ನೋದಕ್ಕ ದಾಖಲೆ, ಸಾಕಾಕ ಪರ್ಮಿಷನ್ ಅಲ್ಲ. ನಾನು ಅದನ್ನ ಲೈಸೆನ್ಸ್ ಅಂತ ನಂಬಿದ್ದೆ.

ಒಂದಿನ ಮುಂಜಾನೆ ಸಿಲಿಂಡರ್ ಹುಡುಗ ಬಂದ. ನಮ್ಮ ಗೇಟಿನ ಚಿಲಕ ಸವದಿತ್ತು, ಸ್ವಲ್ಪ ಎತ್ತಿ ದೂಡಿದ್ರ ತೆರಿತಿತ್ತು, ಮಾಡಸ್ಬೇಕು ಮಾಡಸ್ಬೇಕು ಅಂತ ಹಂಗ ಉಳದಿತ್ತು. ಖಾಲಿ ಸಿಲಿಂಡರ್ ಫರಸಿ ಮ್ಯಾಲೆ ಉರುಳಿಸಿದ ಸಪ್ಪಳಕ್ಕ ಶೇರು ಹಿತ್ತಲಿಂದ ಓಡಿ ಬಂತು, ಆ ಹುಡುಗ ಹೆದರಿ ಹೊರಗ ಓಡಿದ, ಅದು ಬೆನ್ನ ಹತ್ತಿ ಓಣ್ಯಾಗ ಹೋಗಿ ಮೊಣಕಾಲ ಕೆಳಗ ಹಿಡೀತು. ನಮ್ಮ ಮನಿಯಾಕಿ ಚಲೋ ಕೆಲಸ ಮಾಡಿದ್ಲು, ಅರಿಷಿಣ ಹಚ್ಚಾಕ ಬಂದೋರನ್ನ ದೂರ ನಿಲ್ಲಿಸಿ ನಳದ ಕೆಳಗ ಕಾಲು ಹಿಡದು 15 ನಿಮಿಷ ಸಾಬಾಣ ಹಚ್ಚಿ ತೊಳದ್ಲು. ದವಾಖಾನ್ಯಾಗ ಡಾಕ್ಟರ್ ಕೇಳಿದ ಮೊದಲನೇ ಮಾತು "ನಾಯಿ ಕಾರ್ಡ್ ಎಲ್ಲೈತಿ?"

ಕಾರ್ಡ್ ಇದ್ರೂ ಆ ಹುಡುಗಗ ಇಂಜೆಕ್ಷನ್ ತಪ್ಪತಿರ್ಲಿಲ್ಲ, ಅದು ಖರೆ. ರಕ್ತ ಬಂದ ಗಾಯ ಅಂದ್ರ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಅಂತ ರೇಬೀಸ್ ತಡಿಯೋ ಇಂಜೆಕ್ಷನ್, ಮ್ಯಾಲೆ ಲಸಿಕೆ ಕೋರ್ಸು, ಮತ್ತ ನಾಯಿನ 10 ದಿವಸ ಕಟ್ಟಿ ನೋಡಬೇಕು. ನನಗ ಪೆಟ್ಟು ಬಿದ್ದದ್ದು ಸ್ಟೇಷನ್ನಿನ್ಯಾಗ. ಅವ್ರ ಮನಿಯವ್ರು ಕಂಪ್ಲೇಂಟ್ ಕೊಟ್ರು, ಕೊಡೋದು ಅವ್ರ ಹಕ್ಕು. ಭಾರತೀಯ ನ್ಯಾಯ ಸಂಹಿತೆ 291ನೇ ಕಲಮು, ಮೊದಲ ಐಪಿಸಿ 289 ಇತ್ತಲ್ಲ ಅದ, 6 ತಿಂಗಳ ತನಕ ಜೈಲು ಇಲ್ಲಾ 5000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಆ ಕಲಮಿನ್ಯಾಗ ತಳಿ ಹೆಸರ ಇಲ್ಲ ನೋಡ್ರಿ. ನಿಮ್ಮ ಹತ್ರ ಇರೋ ಪ್ರಾಣಿಯಿಂದ ಮಂದಿಗೆ ಅಪಾಯ ಆಗದಂಗ ಸಾಕಷ್ಟು ಎಚ್ಚರಿಕಿ ತೊಗೊಂಡಿದ್ರೋ ಇಲ್ಲೋ, ಅದನ್ನಷ್ಟ ಕೇಳತೈತಿ. ತೊಗೊಂಡೀನಿ ಅಂತ ತೋರ್ಸಾಕ ನನ್ನ ಕೈಯಾಗ ಏನಿತ್ತು? ಲ್ಯಾಮಿನೇಷನ್ ಮಾಡಿಸಿದ ವಂಶಾವಳಿ. ಆ ಹುಡುಗನ ಔಷಧ, ಕೆಲಸಕ್ಕ ಹೋಗದ ದಿನದ ಪಗಾರ ಎಲ್ಲಾ ಕೊಟ್ಟೆ, ಕೊಡಬೇಕಾದ್ದ ಅದು. ಆದ್ರ ಓಣ್ಯಾಗ "ಲಸಿಕೆ ಹಾಕಿಸದ ನಾಯಿ ಬಿಟ್ಟಾರ" ಅಂತ ಹಬ್ಬಿದ ಮಾತು ಇವತ್ತಿಗೂ ಹೋಗಿಲ್ಲ.

ಗಿಳಿ ಕಥಿನೂ ಅವತ್ತ ಬಿಚ್ಕೊಂತು. ಪಂಚನಾಮೆಗೆ ಬಂದ ಪೊಲೀಸ್ರು ಪಡಸಾಲ್ಯಾಗ ತೂಗಹಾಕಿದ್ದ ಪಂಜರ ನೋಡಿ, ಇದ್ಯಾರದು ಅಂದ್ರು. ನಮ್ಮವ್ವ ಸಾಕಿದ್ದು, ರಾಮ ರಾಮ ಅಂತಿತ್ತು. ನೀವು ಅದಕ್ಕ ಲೈಸೆನ್ಸ್ ಕೇಳೀರಿ, ಅಂಥಾ ಲೈಸೆನ್ಸ್ ಮನಿ ಮಂದಿಗೆ ಇಲ್ರಿ. ನಮ್ಮ ಹಸಿರು ಗಿಳಿ 1972ರ ವನ್ಯಜೀವಿ ಕಾಯ್ದೆ ಒಳಗ ಬರತೈತಿ, ಹಿಡಿಯೋದು, ಮಾರೋದು, ಇಟ್ಕೊಳ್ಳೋದು ಎಲ್ಲಾ ಅಪರಾಧ, 3 ವರ್ಷದ ತನಕ ಜೈಲು ಇಲ್ಲಾ 1 ಲಕ್ಷದ ತನಕ ದಂಡ. ನಕ್ಷತ್ರ ಆಮೆ ಅಂತೂ ಇನ್ನೂ ಕಡಕ್, 2023ರ ಏಪ್ರಿಲ್ 1ರಿಂದ ಅದ ಕಾಯ್ದೆ ಮೊದಲನೇ ಪಟ್ಟ್ಯಾಗ ಬಂದೈತಿ, ಕಮ್ಮಿ ಅಂದ್ರ 3 ವರ್ಷ ಜೈಲು. ಮನ್ಯಾಗ ಇದ್ರ ರೊಕ್ಕ ಬರತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಅವ್ವ ಅತ್ಲು, ಆದ್ರೂ ಅರಣ್ಯ ಇಲಾಖೆಗೆ ಒಪ್ಪಿಸಿದ್ವಿ. ನೀವೂ ಹಂಗ ಮಾಡ್ರಿ, ಪಂಜರದ ಬಾಗಲಾ ತಗದು ನೀವ ಹಾರಿಸಿ ಬಿಡಬ್ಯಾಡ್ರಿ, ರೆಕ್ಕಿ ಕತ್ತರಿಸಿದ, ಕೈತುತ್ತು ತಿಂದ ಗಿಳಿ ಹೊರಗ ಬದುಕಂಗಿಲ್ಲ, ಕಾಗಿ ಬೆಕ್ಕಿನ ಬಾಯಿಗೆ ಹೋಗತೈತಿ.

ಪಕ್ಷಿ ಬೇಕ ಬೇಕಂದ್ರ ಲವ್ ಬರ್ಡ್ಸ್ ಅಂತ ಮಾರ್ತಾರಲ್ಲ ಆ ಬಜರಿಗಾರ್, ಇಲ್ಲಾ ಕಾಕಟೀಲ್ ತೊಗೊಳ್ರಿ, ಅವಕ್ಕ ಈ ತೊಡಕಿಲ್ಲ. ಆಫ್ರಿಕನ್ ಗ್ರೇ, ಮಕಾವ್, ಬಾಲ್ ಪೈಥಾನ್ ಅಂಥಾ ಹೊರದೇಶದವು ಅಂದ್ರ 2024ರ ಫೆಬ್ರವರಿ 28ರ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಣಿ ಆಗಬೇಕು. ಹಳೇವಕ್ಕ ಕೊಟ್ಟಿದ್ದ 6 ತಿಂಗಳು ಆ ವರ್ಷ ಆಗಸ್ಟಿಗೇ ಮುಗೀತು, ಹೊಸಾದು ಕೈಗೆ ಬಂದ್ರ 30 ದಿವಸದೊಳಗ ಮಾಡಬೇಕು.

ಈಗ ನಿಮ್ಮ ಮೇನ್ ಪ್ರಶ್ನಿ. ಯಾವ ತಳಿ ಡೇಂಜರ್ ಅಂತ ಕೇಳೋದನ್ನ ಬಿಡ್ರಿ, ನಿಮ್ಮ ಮನಿ ಆ ನಾಯಿಗೆ ಆಗತೈತೇನು ಅಂತ ಕೇಳ್ರಿ. ನೀವು ಗೋಕುಲ ರೋಡಿನ್ಯಾಗ ಮ್ಯಾಲಿನ ಮಹಡಿ ಬಾಡಗಿ ಮನಿ, ಇಬ್ರೂ ಶಿಫ್ಟ್ ಡ್ಯೂಟಿ, ಮನ್ಯಾಗ ವಯಸ್ಸಾದ ಅಪ್ಪಾಜಿ ಅಂತ ಬರದೀರಿ. ಹಂಗಾದ್ರ ರಾಟ್‌ವೀಲರ್ ತರಬ್ಯಾಡ್ರಿ. ನಾಯಿ ಎಳದ್ರ ನಿಮ್ಮ ಅಪ್ಪಾಜಿಗೆ ಹಿಡಿಯಾಕ ಆಗಂಗಿಲ್ಲ. ದಿನಪೂರ್ತಿ ಗಿಡ್ಡ ಸರಪಳ್ಯಾಗ ಕಟ್ಟಿ ಹಾಕಿದ್ರ ಅದೂ 1960ರ ಪ್ರಾಣಿ ಹಿಂಸೆ ಕಾಯ್ದೆಗೆ ವಿರುದ್ಧ, ಮ್ಯಾಲೆ ನಾಯಿ ಮತ್ತಿಷ್ಟು ಸಿಟ್ಟಿಗೇಳತೈತಿ. ಹಂಗಾದ್ರ ಮುಧೋಳ ನಾಯಿ ತರ್ತೀನಿ ಅನ್ನಬ್ಯಾಡ್ರಿ, ಅದು ಓಡೋ ಬ್ಯಾಟಿ ನಾಯಿ, ನವಲಗುಂದ ಕಡೆ ಹೊಲ ಇದ್ದೋರಿಗೆ ಆತು, ನಿಮಗಲ್ಲ. ನನ್ನ ಕೇಳಿದ್ರ ಓಣ್ಯಾಗ ಹುಟ್ಟಿದ ಒಂದು ಕಂತ್ರಿ ಮರಿ ತೊಗೊಳ್ರಿ, ಇಲ್ಲಿ ಬಿಸಲು ಮಳಿ ಎಲ್ಲಾ ತಡ್ಕೊಂತೈತಿ.

ಫ್ಲಾಟಿಗೆ ಒಂದ ನಾಯಿ ಅಂತ ವಾಟ್ಸಾಪ್‌ನ್ಯಾಗ ಓಡಾಡೋದು ಬೆಂಗಳೂರು ಪಾಲಿಕೆ 2018ರಾಗ ತಂದದ್ದು, ಅದು ಹುಬ್ಬಳ್ಳಿಗೆ ಲಾಗೂ ಇಲ್ಲ. ನಮ್ಮ ಅವಳಿನಗರಕ್ಕ 1976ರ ಪಾಲಿಕೆ ಕಾಯ್ದೆ, ಗದಗ-ಬೆಟಗೇರಿ, ಹಾವೇರಿಗೆ 1964ರ ಪುರಸಭೆ ಕಾಯ್ದೆ, ನಾಯಿ ನೋಂದಣಿ ಫೀ ಫಾರ್ಮು ಊರಿಂದ ಊರಿಗೆ ಬ್ಯಾರೆ ಬ್ಯಾರೆ. ಅದಕ್ಕ ಫೋನಿನ್ಯಾಗ ಹುಡುಕೋದು ಬಿಟ್ಟು ನಿಮ್ಮ ವಲಯ ಕಚೇರಿ ಆರೋಗ್ಯ ವಿಭಾಗಕ್ಕ ಹೋಗಿ ಕೇಳ್ರಿ, ಲಸಿಕೆ ಪುಸ್ತಕ, ಆಧಾರ್, ನಾಯಿ ಫೋಟೋ ಕೈಯಾಗ ಇರಲಿ. ಮರಿಗೆ 3 ತಿಂಗಳಾದ ಕೂಡ್ಲೆ ಪಶು ಆಸ್ಪತ್ರ್ಯಾಗ ರೇಬೀಸ್ ಹಾಕಸ್ರಿ, ವರ್ಷಾ ಹಾಕಸ್ರಿ, ಸ್ಟಿಕ್ಕರ್ ಅಂಟಿಸಿದ ಪುಟದ ಫೋಟೋ ಮೊಬೈಲ್‌ನ್ಯಾಗ ಇಟ್ಕೊಳ್ರಿ. ಮರಿ ಬರೋಕಿಂತ ಮೊದಲ ಗೇಟಿನ ಚಿಲಕ ನೋಡ್ರಿ. ಇಷ್ಟಾದ ಮ್ಯಾಲೂ ರಾಟ್‌ವೀಲರ್‌ನ ಬೇಕು ಅಂದ್ರ, 8 ವಾರ ತುಂಬದ ಮರಿ ಮಾರೋದು ಕಾನೂನಿಗೆ ವಿರುದ್ಧ ಅನ್ನೋದು ನೆನಪಿರಲಿ, ಮಾರೋರಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿ ನೋಂದಣಿ ತೋರಸ್ರಿ ಅಂತ ಕೇಳ್ರಿ, ಇಲ್ಲ ಅಂದ್ರ ಅಡ್ವಾನ್ಸ್ ಕೊಡದ ಎದ್ದು ಬರ್ರಿ.