ಹಿಮದಲ್ಲೂ ಎದ್ದು ಕೂರುವ ಪ್ರೈರಿ ಡಾಗ್

ಪ್ರಶ್ನೆ: ಜನವರಿಯಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಬಯಲಿನ ತುಂಬ ಪ್ರೈರಿ ಡಾಗ್‌ಗಳ ಬಿಲ. ಚಳಿಗಾಲವೆಲ್ಲ ಮಲಗಿರುತ್ತವೆ ಅಂತ ಓದಿದ್ದೆ, ಇವು ನೋಡಿದರೆ ಹಿಮದ ಪಕ್ಕದಲ್ಲೇ ಕೂತಿದ್ದವು. ಕೆಲವರು ತಂತಿ ಬೋನು ಇಟ್ಟು ಹಿಡಿಯುತ್ತಿದ್ದರು, ಒಂದರ ಪಕ್ಕೆಗೆ ಕಪ್ಪು ಬಣ್ಣ ಬಳಿದು ಬಿಟ್ಟರು. ಯಾಕೆ? ಮೊಮ್ಮಗ ತಾನೂ ಒಂದನ್ನು ಹಿಡಿದು ಸಾಕುತ್ತೇನೆ ಅಂತ ಹಟ ಮಾಡುತ್ತಿದ್ದಾನೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಓದಿದ್ದು ತಪ್ಪಲ್ಲ. ಹೆಸರಿಗೆ ಡಾಗ್, ಆದರೆ ಇದು ಅಳಿಲಿನ ಬಳಗ, ಒಟ್ಟು 5 ಜಾತಿ. ಬಿಳಿ ಬಾಲದವು, ಗನ್ನಿಸನ್ ಮತ್ತು ಯೂಟಾ ಜಾತಿಯವು ತಿಂಗಳುಗಟ್ಟಲೆ ಮಲಗಿಬಿಡುತ್ತವೆ. ಬೌಲ್ಡರ್‌ನಲ್ಲಿರುವುದು ಕಪ್ಪು ಬಾಲದ್ದು. ಚಳಿ ವಿಪರೀತವಾದರೆ ಕೆಲವು ದಿನ ಒಳಗಿರುತ್ತದೆ, ಬಿಸಿಲು ಬಿದ್ದರೆ ಮೇಲೆ ಬರುತ್ತದೆ. ಬರುವ ರೀತಿ ನೋಡಬೇಕು. ಮಣ್ಣಿನ ದಿಬ್ಬದ ನಡುವಿನಿಂದ ಮೊದಲು ಕಣ್ಣು, ಕಿವಿ ಅಷ್ಟೇ. ಹದ್ದು ಇಲ್ಲ ಅಂತ ಖಾತ್ರಿಯಾದ ಮೇಲೆ ಪೂರ್ತಿ ಹೊರಗೆ ಬಂದು, ಬಿಸಿಲಿಗೆ ಹೊಟ್ಟೆಯೊಡ್ಡಿ ಕೂತು, ಆಮೇಲೆ ಒಣಹುಲ್ಲಿನ ಬುಡ, ಬೇರು ಕೆದಕಿ ತಿನ್ನುತ್ತದೆ. ಪಾಪಾಸುಕಳ್ಳಿಯನ್ನೂ ಬಿಡುವುದಿಲ್ಲ.

ಈ ಹಸಿವೇ ಅವನ್ನು ಬೋನಿಗೆ ತರುವುದು. ಹಸಿರು ಇಲ್ಲದ ಕಾಲದಲ್ಲಿ ಓಟ್ಸ್ ಕಂಡರೆ ಬಿಡುತ್ತವಾ? ಮೊದಲು ಕೆಲವು ದಿನ ಬಾಗಿಲು ಬೀಳದಂತೆ ಕಟ್ಟಿ, ಸುಮ್ನೆ ಓಟ್ಸ್ ಹಾಕಿ ರೂಢಿ ಮಾಡಿಸುತ್ತಾರೆ. ಬೋನು ಹೂಡಿದ ದಿನ ಮಾತ್ರ ಪದೇ ಪದೇ ಹೋಗಿ ನೋಡಲೇಬೇಕು. ಬಿಲದೊಳಗಿನ ಬಿಸುಪು ಇಲ್ಲದೆ ತಂತಿಯ ಮೇಲೆ ಕೂತ ಪ್ರಾಣಿ ಬೇಗ ಸೋಲುತ್ತದೆ, ರಾತ್ರಿಯಿಡೀ ಬಿಟ್ಟರಂತೂ ಕೊಂದಂತೆಯೇ.

ಬೋನಿಗೆ ಬಿದ್ದವನ್ನೆಲ್ಲ ವಾಪಸ್ ಬಿಡುತ್ತಾರೆ ಅಂತ ಹೇಳಲಾರೆ. ಬೇರೆ ಬಯಲಿಗೆ ಸಾಗಿಸುವುದುಂಟು, ಕೊಂದು ಕಪ್ಪು ಕಾಲಿನ ಫೆರೆಟ್‌ಗಳಿಗೆ (ಪ್ರೈರಿ ಡಾಗ್‌ಗಳನ್ನೇ ತಿಂದು ಬದುಕುವ, ಮುಂಗುಸಿಯಂಥ ಪ್ರಾಣಿ) ಆಹಾರವಾಗಿ ಕೊಡುವುದೂ ಉಂಟು. ಆದರೆ ಬಣ್ಣ ಬಳಿದು ಬಿಟ್ಟರು ಅಂದರೆ ಅದು ಅಧ್ಯಯನಕ್ಕೆ. ದೂರದಿಂದ ಯಾವುದು ಯಾವುದು ಅಂತ ಗೊತ್ತಾಗಬೇಕಲ್ವಾ? ಅಮೆರಿಕದ ಸೌತ್ ಡಕೋಟ ರಾಜ್ಯದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿ ಜೀವವಿಜ್ಞಾನಿ ಜಾನ್ ಹೂಗ್ಲಂಡ್ ವರ್ಷಗಟ್ಟಲೆ ಹೀಗೇ ಗುರುತು ಹಾಕಿ, ಅಟ್ಟಣೆಯ ಮೇಲೆ ಕೂತು ನೋಡಿದರು. ಚಳಿಗಾಲದ ಕೊನೆ ಇವು ಕೂಡುವ ಕಾಲ. ಹೆಣ್ಣಿಗೆ ಬೆದೆ ಬರುವುದು ವರ್ಷಕ್ಕೆ ಒಂದೇ ದಿನ, ಅದೂ ಕೆಲವೇ ಗಂಟೆ, ಕೂಡುವುದೂ ಬಹುತೇಕ ಬಿಲದೊಳಗೆ. ಯಾವ ಗಂಡು ಯಾವ ಹೆಣ್ಣಿನ ಹಿಂದೆ ಇಳಿಯಿತು ಅಂತ ತಿಳಿಯಲು ಅಷ್ಟು ಮುಂಚೆಯೇ ಗುರುತು ಬೇಕು. ಮರಿ ಹುಟ್ಟುವುದು ಸುಮಾರು 35 ದಿನಕ್ಕೆ.

ಮೊಮ್ಮಗನ ವಿಷಯ: ದಯವಿಟ್ಟು ಬೇಡ. ಅಲ್ಲಿ ಅನುಮತಿಯಿಲ್ಲದೆ ಹಿಡಿದು ಸಾಗಿಸುವಂತಿಲ್ಲ. ಅದಕ್ಕಿಂತ ದೊಡ್ಡ ಭಯ ಚಿಗಟಗಳದು. 1898ರಲ್ಲಿ ನಮ್ಮ ಬೆಂಗಳೂರನ್ನು ನಡುಗಿಸಿದ ಅದೇ ಪ್ಲೇಗ್, 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾಣಿಸಿಕೊಂಡು ಕಾಡುಪ್ರಾಣಿಗಳಿಗೂ ಹರಡಿತು. ಚಿಗಟದ ಮೂಲಕ ಅದು ಬಂದರೆ ಪ್ರೈರಿ ಡಾಗ್‌ಗಳ ಬಯಲಿಗೆ ಬಯಲೇ ಖಾಲಿಯಾಗುತ್ತದೆ, ಮನುಷ್ಯರಿಗೂ ತಗಲುತ್ತದೆ. ಸತ್ತದ್ದು ಕಂಡರೂ ಮುಟ್ಟಬಾರದು.

ಹುಡುಗನಿಗೆ ಒಂದು ಬೈನಾಕ್ಯುಲರ್ ಕೊಡಿಸಿ. ಬಿಸಿಲೇರಿದ ಮೇಲೆ ಕಾರಿನೊಳಗೆ ಕೂತು ನೋಡಲಿ. ಒಂದು ಪ್ರೈರಿ ಡಾಗ್ ಹಿಂಗಾಲುಗಳ ಮೇಲೆ ನಿಂತು, ಮುಂಗಾಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ ಕೂಗುತ್ತದೆ, ಅದನ್ನು ಕೇಳಿ ಪಕ್ಕದ್ದು, ಅದರಾಚೆಯದು. ಎಷ್ಟು ಕೂಗಿದವು ಅಂತ ಎಣಿಸಿ ಬರೆದುಕೊಳ್ಳಲಿ.